ಲೇಬಲ್ ಮುಚ್ಚಿ, ರುಚಿ ನೋಡಿ: ರೆಡ್ ಬ್ಲೆಂಡ್‌ಗಳ ಬ್ಲೈಂಡ್ ಟೇಸ್ಟಿಂಗ್

ಎರಡು ಅಥವಾ ಹೆಚ್ಚು ತಳಿಯ ದ್ರಾಕ್ಷಿಗಳನ್ನು ಬೆರೆಸಿ ಮಾಡಿದ ಕೆಂಪು ವೈನ್‌ಗೆ ರೆಡ್ ಬ್ಲೆಂಡ್ ಎನ್ನುತ್ತಾರೆ. ಅದನ್ನು ಬ್ಲೈಂಡ್ ಟೇಸ್ಟಿಂಗ್ ಮಾಡುವುದೆಂದರೆ ಲೇಬಲ್, ಊರು, ಬೆಲೆ ಯಾವುದೂ ಕಾಣದಂತೆ ಮರೆಮಾಡಿ, ಲೋಟದಲ್ಲಿರುವುದನ್ನಷ್ಟೇ ನೋಡಿ, ಮೂಸಿ, ಸವಿದು ಅಭಿಪ್ರಾಯ ಹೇಳುವುದು. ಸ್ಪರ್ಧೆಗಳ ತೀರ್ಪುಗಾರರು, ವೈನ್ ತಯಾರಕರು, ಸೊಮೆಲಿಯರ್ (ಹೋಟೆಲಿನ ವೈನ್ ತಜ್ಞ) ಪರೀಕ್ಷೆಗೆ ಕೂರುವವರು ಇದನ್ನು ವೃತ್ತಿಯ ಭಾಗವಾಗಿ ಮಾಡುತ್ತಾರೆ. ಏಳೆಂಟು ಗೆಳೆಯರು ಒಂದು ಸಂಜೆ ಮನೆಯಲ್ಲಿ ಸೇರಿ ಮಾಡುವುದಕ್ಕೂ ಅಡ್ಡಿಯಿಲ್ಲ. ಬೇಕಾದದ್ದು ಆರು ಬಾಟಲಿ, ಒಂದಷ್ಟು ಲೋಟ, ಕಾಗದ, ಪೆನ್ಸಿಲ್ ಮತ್ತು ಮುಂಚಿತವಾಗಿ ಯೋಚಿಸಿಟ್ಟ ಒಂದು ಪ್ರಶ್ನೆ. ಇವುಗಳಲ್ಲಿ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಿಲ್ಲದಿದ್ದರೆ ಕೂಟ ಬೇಗನೆ ‘ಇದು ಯಾವ ವೈನ್, ಹೇಳಿ ನೋಡೋಣ’ ಎಂಬ ಒಗಟಿಗೆ ಇಳಿಯುತ್ತದೆ. ಮೂರು ನಾಲ್ಕು ತಳಿ ಬೆರೆತ ವೈನ್‌ನಲ್ಲಿ ಆ ಒಗಟು ನುರಿತವರಿಗೂ ಕಷ್ಟ. ಬಿಡಿಸಿದರೂ ಅದರಿಂದ ತಿಳಿಯುವುದು ಸ್ವಲ್ಪವೇ.

ಲೇಬಲ್ ಮುಚ್ಚಲು ಬಲವಾದ ಕಾರಣವಿದೆ: ಕಣ್ಣಿಗೆ ಕಂಡದ್ದು ಮೂಗಿನ ತೀರ್ಪನ್ನು ಬದಲಿಸುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿಜ್ಞಾನ ಓದುತ್ತಿದ್ದ 54 ಮಂದಿಗೆ ಒಂದು ಬಿಳಿ ವೈನ್ ಮತ್ತು ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಅದೇ ಬಿಳಿ ವೈನ್ ಕೊಟ್ಟು, ಎರಡರ ಪರಿಮಳವನ್ನು ಬಣ್ಣಿಸುವಂತೆ ಕೇಳಲಾಯಿತು. ಬಣ್ಣ ಹಾಕಿದ ಲೋಟಕ್ಕೆ ಅವರು ಬಳಸಿದ್ದು ಕೆಂಪು ವೈನ್‌ಗೆ ಬಳಸುವ ಮಾತುಗಳನ್ನೇ. ಮೊರೊ, ಬ್ರೊಶೆ ಮತ್ತು ದ್ಯುಬೂರ್ದಿಯೊ ಈ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು. ಬೆಲೆಯ ಪ್ರಭಾವ ಇನ್ನೂ ಆಳದ್ದು. ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ದುಬಾರಿ ಎಂದು ಕೇಳಿದಾಗ ಜನ ಅದನ್ನು ಹೆಚ್ಚು ಮೆಚ್ಚಿದರು. ಸಂತೋಷದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚುರುಕಾಗಿದ್ದುದು ಸ್ಕ್ಯಾನ್‌ನಲ್ಲಿ ಕಂಡಿತು. ಅಂದರೆ ಅವರು ಸುಮ್ಮನೆ ಹೊಗಳಿರಲಿಲ್ಲ, ಅವರಿಗೆ ನಿಜವಾಗಿಯೂ ಹೆಚ್ಚು ಹಿತವೆನಿಸಿತ್ತು. ಹೆಸರು ಗೊತ್ತಿರುವಾಗ ‘ನಾನು ಪ್ರಭಾವಕ್ಕೆ ಒಳಗಾಗುವುದಿಲ್ಲ’ ಎಂದು ಎಷ್ಟೇ ಗಟ್ಟಿಯಾಗಿ ನಿರ್ಧರಿಸಿದರೂ ಸಾಲದು. ಹೆಸರು ಗೊತ್ತಾಗದಂತೆ ನೋಡಿಕೊಳ್ಳುವುದೊಂದೇ ದಾರಿ.

ಬ್ಲೆಂಡ್‌ಗಳನ್ನೇ ಏಕೆ ಆರಿಸಬೇಕು ಎಂಬುದಕ್ಕೆ ಬೋರ್ಡೋದ ತೋಟಗಳನ್ನು ನೋಡಬೇಕು. ಅಲ್ಲಿ ಕೆಂಪು ವೈನ್‌ಗೆ ಮುಖ್ಯವಾಗಿ ಬಳಸುವುದು ಕ್ಯಾಬರ್ನೆ ಸಾವಿನ್ಯಾನ್, ಮರ್ಲೊ ಮತ್ತು ಕ್ಯಾಬರ್ನೆ ಫ್ರಾಂ. ಅಲ್ಪ ಪ್ರಮಾಣದಲ್ಲಿ ಪೆಟಿ ವೆರ್ಡೊ, ಮಾಲ್ಬೆಕ್. ಮರ್ಲೊ ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ಆದ್ದರಿಂದ ವಸಂತದ ಹಿಮ ಬಿದ್ದರೆ ಅದಕ್ಕೆ ಪೆಟ್ಟು. ಕ್ಯಾಬರ್ನೆ ಸಾವಿನ್ಯಾನ್ ತಡವಾಗಿ ಮಾಗುತ್ತದೆ. ಶರತ್ಕಾಲದ ಮಳೆ ಬೇಗ ಹಿಡಿದರೆ ಅದು ಪೂರ್ತಿ ಹಣ್ಣಾಗದೆ ಹಸಿರು ವಾಸನೆ ಉಳಿಸಿಕೊಳ್ಳುತ್ತದೆ. ಎರಡನ್ನೂ ಬೆಳೆದ ರೈತನಿಗೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಮಣ್ಣು ಕೂಡ ಈ ಹಂಚಿಕೆಯನ್ನು ನಿರ್ಧರಿಸುತ್ತದೆ. ಜಿರೋಂದ್ ನದೀಮುಖದ ಎಡದಂಡೆಯ ಮೆಡಾಕ್‌ನಲ್ಲಿ ಶಾಖ ಹಿಡಿದಿಡುವ ಗರಸು ನೆಲವಿದೆ, ಅಲ್ಲಿ ಕ್ಯಾಬರ್ನೆ ಮುಂದು. ಬಲದಂಡೆಯ ಪೊಮೆರೊಲ್, ಸೇಂತ್ ಎಮಿಲಿಯಾನ್‌ಗಳ ತಂಪಾದ ಜೇಡಿ ಮತ್ತು ಸುಣ್ಣದ ನೆಲದಲ್ಲಿ ಮರ್ಲೊ ಮುಂದು. ಹೀಗೆ ಬೆಳೆಯ ಭದ್ರತೆಗೆಂದು ಕೂಡಿಬಂದ ತಳಿಗಳು ರುಚಿಯಲ್ಲೂ ಒಂದಕ್ಕೊಂದು ಒದಗಿಬಂದವು. ಕ್ಯಾಬರ್ನೆ ಒಗರು, ಹುಳಿ, ವರ್ಷಗಟ್ಟಲೆ ಬಾಳುವ ಗಟ್ಟಿತನ ಕೊಡುತ್ತದೆ. ಮರ್ಲೊ ಆ ಒಗರನ್ನು ಮೃದುವಾಗಿಸಿ ನಾಲಗೆಯ ನಡುವೆ ಹಣ್ಣಿನ ತುಂಬುತನ ತರುತ್ತದೆ. ಕ್ಯಾಬರ್ನೆ ಫ್ರಾಂ ಪರಿಮಳಕ್ಕೆ, ಪೆಟಿ ವೆರ್ಡೊ ಬಣ್ಣಕ್ಕೆ.

ಬೇರೆ ನಾಡುಗಳ ಬ್ಲೆಂಡ್‌ಗಳ ಹಿಂದೆಯೂ ಇಂಥದೇ ಲೆಕ್ಕಾಚಾರವಿದೆ. ದಕ್ಷಿಣ ರೋನ್‌ನಲ್ಲಿ ಗ್ರೆನಾಶ್, ಸಿರಾ, ಮೂರ್ವೆದ್ರ್ ಕೂಡಿಬರುತ್ತವೆ. ಅಲ್ಲಿನ ಶಾತೊನೆಫ್ ದ್ಯು ಪಾಪ್‌ನ ನಿಯಮ 13 ತಳಿಗಳಿಗೆ ಅವಕಾಶ ಕೊಟ್ಟಿದೆ. ಸ್ಪೇನಿನ ರಿಯೋಹಾದಲ್ಲಿ ಟೆಂಪ್ರನಿಯೊಗೆ ಗರ್ನಾಚ, ಗ್ರಾಸಿಯಾನೊ ಜೊತೆಯಾಗುತ್ತವೆ. ಅಮೆರಿಕನ್ ಓಕ್ ಪೀಪಾಯಿಯಿಂದ ವೆನಿಲಾ, ಕೊಬ್ಬರಿಯ ಪರಿಮಳ ಇಳಿಯುತ್ತದೆ. ಇಟಲಿಯ ಟಸ್ಕನಿಯಲ್ಲಿ ಸ್ಥಳೀಯ ಸಾಂಜೊವೇಸೆಗೆ ಕ್ಯಾಬರ್ನೆ ಬೆರೆಸಿದ ತಿನ್ಯಾನೆಲ್ಲೊದಂಥ ವೈನ್‌ಗಳು 1970ರ ದಶಕದಲ್ಲಿ ಅಲ್ಲಿನ ಹಳೆಯ ಕಟ್ಟಳೆಗಳ ಹೊರಗೇ ಬೆಳೆದು ಹೆಸರಾದವು. ಆಸ್ಟ್ರೇಲಿಯಾ ಕ್ಯಾಬರ್ನೆ ಮತ್ತು ಶಿರಾಜ್ ಜೋಡಿಯನ್ನು ತನ್ನದಾಗಿಸಿಕೊಂಡಿತು. ಸಿರಾ, ಶಿರಾಜ್ ಎರಡೂ ಒಂದೇ ತಳಿಯ ಹೆಸರುಗಳು.

ಕರ್ನಾಟಕದ ಹೆಸರಾಂತ ರೆಡ್ ಬ್ಲೆಂಡ್ ಕೂಡ ಇದೇ ಜೋಡಿಯದು. ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ನೆಡಿಸಿ ಕಟ್ಟಿದ ವೈನರಿಯ ‘ಲಾ ರಿಸರ್ವ್’ ಕ್ಯಾಬರ್ನೆ ಮತ್ತು ಶಿರಾಜ್ ಬೆರೆತದ್ದು. ಬೋರ್ಡೋದ ಬ್ಲೆಂಡಿಂಗ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಲ್ಲೇ ಇಲ್ಲಿಗೆ ಸಲಹೆಗಾರರಾಗಿ ಬಂದರು. ಈ ಸೀಮೆಯಲ್ಲಿ ಹಿಮ ಸುರಿಯುವ ಚಳಿಗಾಲವಿಲ್ಲ, ಬಳ್ಳಿ ತಾನಾಗಿ ನಿದ್ರೆಗೆ ಜಾರುವುದಿಲ್ಲ. ಅದಕ್ಕೇ ವರ್ಷಕ್ಕೆರಡು ಚಾಟ್ನಿ (ಬಳ್ಳಿ ಸವರುವಿಕೆ) ಮಾಡಿ ಒಂದೇ ಫಸಲು ಪಡೆಯುತ್ತಾರೆ, ಬೇಸಿಗೆಯ ಹೊತ್ತಿಗೆ ಕೊಯ್ಲು ಮುಗಿಸುತ್ತಾರೆ. ಬೆಚ್ಚಗಿನ ನೆಲದ ಹಣ್ಣು, ತಂಪು ನೆಲದ ಹಣ್ಣು ಎಂಬ ವ್ಯತ್ಯಾಸವನ್ನು ಲೋಟದಲ್ಲಿ ಹುಡುಕುವವರಿಗೆ ನಂದಿಯ ಬಾಟಲಿಯೊಂದು ಸಾಲಿನಲ್ಲಿ ಇರಲೇಬೇಕು. ಮಹಾರಾಷ್ಟ್ರದ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ಕಂಪನಿ ಸಾಂಜೊವೇಸೆ, ಕ್ಯಾಬರ್ನೆ ಬೆರೆಸಿ ಮಾಡುವ ‘ಸೆಟ್ಟೆ’ ಟಸ್ಕನಿಯ ಬಾಟಲಿಯ ಪಕ್ಕದಲ್ಲಿಡಲು ತಕ್ಕದ್ದು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಮಾತ್ರ ಈ ಸಾಲಿಗೆ ಹೊಂದುವುದಿಲ್ಲ. ಅದರ ವಂಶವೇ ಬೇರೆ, ಘಾಟಿನಿಂದ ಮೊದಲ ಮೂಸುವಿಕೆಗೇ ಸಿಕ್ಕಿಬೀಳುತ್ತದೆ.

ಬಾಟಲಿ ಕೊಳ್ಳುವ ಮೊದಲು ಪ್ರಶ್ನೆ ಗೊತ್ತಾಗಿರಬೇಕು. ಅದು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಕ್ಯಾಬರ್ನೆ ಮುಂದಿರುವ ಬ್ಲೆಂಡ್ ಯಾವುದು, ಮರ್ಲೊ ಮುಂದಿರುವುದು ಯಾವುದು? ಕ್ಯಾಬರ್ನೆ–ಶಿರಾಜ್ ಜೋಡಿ ನಂದಿಯಲ್ಲಿ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೇಗೆ ಬೇರೆಯಾಗುತ್ತದೆ? ಬೆಲೆ ಮೂರು ಪಟ್ಟಾದರೆ ಮೆಚ್ಚುಗೆಯೂ ಏರುತ್ತದೆಯೇ? ಇಂಥ ಒಂದು ಪ್ರಶ್ನೆಗೆ ಆರು ಬಾಟಲಿ ಬೇಕಾದಷ್ಟಾಯಿತು. ಪ್ರಪಂಚದ ಆರು ಮೂಲೆಗಳಿಂದ ಆರು ಬಾಟಲಿ ತಂದರೆ ಎಲ್ಲವೂ ಬೇರೆ ಬೇರೆ ಎಂದಷ್ಟೇ ತಿಳಿಯುತ್ತದೆ. ಯಾಕೆ ಬೇರೆ ಎಂಬುದು ತಳಿಗೋ ಮಣ್ಣಿಗೋ ಓಕ್‌ಗೋ ವಯಸ್ಸಿಗೋ ಸೇರಿದ್ದೆಂದು ಬಿಡಿಸಲು ಬರುವುದಿಲ್ಲ. ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಲೇಬಲ್ ಮೇಲೆ ಒಂದೇ ತಳಿಯ ಹೆಸರಿದ್ದರೂ ಒಳಗಿರುವುದು ಬ್ಲೆಂಡ್ ಆಗಿರಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 75 ಪ್ರತಿಶತ, ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ 85 ಪ್ರತಿಶತ ಒಂದು ತಳಿಯಿದ್ದರೆ ಅದರ ಹೆಸರನ್ನಷ್ಟೇ ಹಾಕಲು ನಿಯಮ ಒಪ್ಪುತ್ತದೆ. ತಯಾರಕರ ಜಾಲತಾಣದಲ್ಲಿ ಆಯಾ ವರ್ಷದ ಪ್ರಮಾಣ ಬಹಳಷ್ಟು ಸಲ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಕೊನೆಯ ಚರ್ಚೆಗೆ ಬಲ ಬರುತ್ತದೆ.

ಮರೆಮಾಡುವುದು ಕಾಗದ ಸುತ್ತಿದಷ್ಟು ಸುಲಭವಲ್ಲ. ಬೋರ್ಡೋ ಮಾದರಿಯ ಬಾಟಲಿಗೆ ಎತ್ತಿದ ಭುಜವಿರುತ್ತದೆ, ರೋನ್‌ನದು ಇಳಿಜಾರು ಭುಜದ್ದು. ಬಟ್ಟೆಯ ಚೀಲದೊಳಗಿಂದಲೂ ಇದು ಗೊತ್ತಾಗುತ್ತದೆ. ಕೆಲವಕ್ಕೆ ತಿರುಪು ಮುಚ್ಚಳ, ಕೆಲವಕ್ಕೆ ಬಿರಡೆ. ದುಬಾರಿ ವೈನ್‌ಗಳು ಭಾರದ ಗಾಜಿನಲ್ಲಿ ಬರುವುದುಂಟು. ಆದ್ದರಿಂದ ಒಂದೇ ಬಗೆಯ ಗಾಜಿನ ಜಗ್‌ಗಳಿಗೋ ತೊಳೆದು ಒಣಗಿಸಿದ ಒಂದೇ ಆಕಾರದ ಬಾಟಲಿಗಳಿಗೋ ಎಲ್ಲವನ್ನೂ ಸುರಿದು ಅಂಕೆ ಅಂಟಿಸುವುದೇ ಸರಿ. ಹೀಗೆ ಸುರಿಯುವಾಗ ಹಳೆಯ ವೈನಿನ ಗಷ್ಟು ತಳದಲ್ಲೇ ಉಳಿಯುತ್ತದೆ, ಎಳೆಯ ವೈನ್‌ಗೆ ಗಾಳಿಯೂ ತಾಗುತ್ತದೆ. ಸುರಿಯುವವರು ಅಲ್ಲೇ ಮೂಸಿ ನೋಡಬೇಕು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ ಎಂದರ್ಥ. ಆ ಬಾಟಲಿಯನ್ನು ಬದಿಗಿಡಬೇಕು. ಒಂದು ಹೆಚ್ಚುವರಿ ಬಾಟಲಿ ಇಟ್ಟುಕೊಳ್ಳುವುದು ಇದಕ್ಕಾಗಿ. ಮನೆಯವರೂ ಆಟದಲ್ಲಿ ಸೇರಬೇಕೆಂದಿದ್ದರೆ ಒಬ್ಬರು ಜಗ್‌ಗಳಿಗೆ ಸುರಿದು ಅಕ್ಷರ ಅಂಟಿಸಬೇಕು. ಇನ್ನೊಬ್ಬರು ಬೇರೆ ಕೋಣೆಯಲ್ಲಿ ಆ ಅಕ್ಷರಗಳನ್ನು ಅಂಕೆಗಳಿಗೆ ಬದಲಿಸಬೇಕು. ಇಬ್ಬರೂ ಬರೆದಿಟ್ಟ ಚೀಟಿಗಳನ್ನು ಕೂಡಿಸಿ ಓದುವ ತನಕ ಯಾರಿಗೂ ಗುಟ್ಟು ತಿಳಿಯುವುದಿಲ್ಲ.

ಬಡಿಸುವ ಹದ ರುಚಿಯನ್ನು ಬಹಳ ಬದಲಿಸುತ್ತದೆ. ಕೆಂಪು ವೈನನ್ನು ‘ಕೋಣೆಯ ಉಷ್ಣತೆಯಲ್ಲಿ’ ಕೊಡಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಬೇಸಿಗೆಯ ಬೆಂಗಳೂರಿನ 28 ಡಿಗ್ರಿಯ ಕೋಣೆಯಲ್ಲಿ ಅದೇ ವೈನ್ ಮದ್ಯದ ಕಾವಷ್ಟೇ ಆಗಿ ಮೂಗಿಗೆ ರಾಚುತ್ತದೆ. 16ರಿಂದ 18 ಡಿಗ್ರಿ ತಕ್ಕ ಹದ. ಫ್ರಿಜ್‌ನಲ್ಲಿ ಒಂದಷ್ಟು ಹೊತ್ತು ಇಟ್ಟು ತೆಗೆದರೆ ಅದರ ಹತ್ತಿರಕ್ಕೆ ಬರುತ್ತದೆ. ಆರೂ ಬಾಟಲಿಗಳು ಒಂದೇ ಹದದಲ್ಲಿರುವುದು ಅಷ್ಟೇ ಮುಖ್ಯ; ಇಲ್ಲವಾದರೆ ತಣ್ಣಗಿರುವುದು ಒಗರಾಗಿಯೂ ಬೆಚ್ಚಗಿರುವುದು ಸಡಿಲವಾಗಿಯೂ ಕಾಣುತ್ತದೆ. ಲೋಟಗಳು ಒಂದೇ ಆಕಾರದವಾಗಿರಬೇಕು, ಬಾಯಿ ಒಳಮುಖವಾಗಿರಬೇಕು. ಎಂಟು ಜನಕ್ಕೆ 48 ಲೋಟ ಯಾರ ಮನೆಯಲ್ಲೂ ಇರುವುದಿಲ್ಲ. ತಲೆಗೆ ಮೂರು ಲೋಟದಂತೆ ಎರಡು ಸುತ್ತು ಮಾಡಿದರೆ 24 ಸಾಕು. ಮೂರಕ್ಕಿಂತ ಹೆಚ್ಚು ವೈನ್‌ಗಳನ್ನು ಒಟ್ಟಿಗೆ ಹೋಲಿಸುವುದು ಹೊಸಬರಿಗೆ ಕಷ್ಟವೂ ಹೌದು.

ಅಡುಗೆಮನೆಯ ಒಗ್ಗರಣೆ ಮೂಗಿನ ದೊಡ್ಡ ಶತ್ರು. ಅಡುಗೆಯನ್ನು ಎರಡು ಗಂಟೆ ಮೊದಲೇ ಮುಗಿಸಿ ಕಿಟಕಿ ತೆರೆದಿಡಬೇಕು. ಊದುಬತ್ತಿ, ಮುಡಿದ ಮಲ್ಲಿಗೆ, ಸೆಂಟು ಆ ಹೊತ್ತಿಗೆ ಬೇಡ. ನಡುನಡುವೆ ಬಾಯಿ ತೊಳೆಯಲು ನೀರು, ಸಪ್ಪೆ ಬ್ರೆಡ್ಡು ಇದ್ದರೆ ಸಾಕು. ಖಾರದ ಕುರುಕಲು ತಿಂದ ನಾಲಗೆಗೆ ವೈನಿನ ಒಗರಿಗೆ ಕಾರಣವಾದ ಟ್ಯಾನಿನ್ ಇನ್ನಷ್ಟು ಕಹಿಯಾಗುತ್ತದೆ. ಚೀಸ್ ಕೂಡ ಟೇಸ್ಟಿಂಗ್ ಮುಗಿದ ಮೇಲೆಯೇ, ಅದರ ಕೊಬ್ಬು ಒಗರನ್ನು ಮರೆಸಿಬಿಡುತ್ತದೆ.

ಒಂದು ಲೋಟಕ್ಕೆ 40 ಮಿಲಿ ಲೀಟರ್ ಸಾಕು. ಎಂಟು ಜನಕ್ಕೆ 320. 750ರ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಊಟಕ್ಕೆ ಉಳಿಯುತ್ತದೆ. ಆರು ಲೋಟಗಳನ್ನೂ ಕುಡಿದೇಬಿಟ್ಟರೆ 240 ಮಿಲಿ ಲೀಟರ್, ಅಂದರೆ ಬಾಟಲಿಯ ಸುಮಾರು ಮೂರನೇ ಒಂದು ಪಾಲು ಹೊಟ್ಟೆ ಸೇರುತ್ತದೆ. ನಾಲ್ಕನೆಯ ಲೋಟದ ಹೊತ್ತಿಗೆ ತೀರ್ಪು ಮಂಕಾಗುತ್ತದೆ. ಅದಕ್ಕಾಗಿಯೇ ವೃತ್ತಿಪರರು ಉಗುಳುತ್ತಾರೆ. ಪ್ರತಿಯೊಬ್ಬರಿಗೂ ಒಂದು ಪೀಕದಾನಿ ಅಥವಾ ಅಪಾರದರ್ಶಕ ಲೋಟ ಇಟ್ಟುಬಿಟ್ಟರೆ ಮುಜುಗರ ಬೇಗ ಹೋಗುತ್ತದೆ. ಕರೆಯಬೇಕಾದದ್ದು ಕಾನೂನು ಒಪ್ಪುವ ವಯಸ್ಸಿನವರನ್ನು ಮಾತ್ರ. ಭಾರತದಲ್ಲಿ ವಾಹನ ಓಡಿಸುವವರ 100 ಮಿಲಿ ಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಬಾರದು. ಉಗುಳಿದರೂ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ. ಮರಳಿ ಹೋಗಲು ಟ್ಯಾಕ್ಸಿ ಎಂದು ಮೊದಲೇ ಗೊತ್ತುಮಾಡಿಬಿಡುವುದು ಕ್ಷೇಮ.

ಸವಿಯುವ ಕ್ರಮ ಬಣ್ಣದಿಂದ ಶುರುವಾಗುತ್ತದೆ. ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿದಾಗ ಅಂಚು ನೇರಳೆಯಾಗಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾದದ್ದು. ಗ್ರೆನಾಶ್ ತೆಳುವಾಗಿ ಕಾಣುತ್ತದೆ, ಶಿರಾಜ್ ಬೆಳಕು ಹಾಯದಷ್ಟು ಗಾಢ. ಆಮೇಲೆ ಮೂಗು. ಕ್ಯಾಬರ್ನೆ ಕುಟುಂಬದ ಗುರುತು ಹಸಿ ದಪ್ಪಮೆಣಸಿನಕಾಯಿಯ ವಾಸನೆ. ಅದಕ್ಕೆ ಕಾರಣ ಪೈರಜೀನ್ ಎಂಬ ಗುಂಪಿನ ರಾಸಾಯನಿಕ. ಹಣ್ಣು ಮಾಗಿದಂತೆ ಅದು ಕಡಿಮೆಯಾಗುತ್ತದೆ. ಶಿರಾಜ್‌ನ ಕರಿಮೆಣಸಿನ ಘಮ ರೊಟಂಡೋನ್‌ನಿಂದ ಬರುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಮಲೆನಾಡಿನ ಕಾಳುಮೆಣಸಿಗೆ ಅದರ ಘಮ ಕೊಡುವುದೂ ಇದೇ ವಸ್ತು. ಆ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದು ಹೆಚ್ಚಿನ ಪ್ರಮಾಣದಲ್ಲೂ ವಾಸನೆಗೆ ಸಿಗಲಿಲ್ಲ. ಒಂದೇ ಲೋಟದ ಬಗ್ಗೆ ಇಬ್ಬರು ಗೆಳೆಯರು ತೀರಾ ಭಿನ್ನವಾಗಿ ಹೇಳಿದಾಗ ಇಬ್ಬರೂ ಸರಿಯಾಗಿರಬಹುದು ಎಂಬುದನ್ನು ನೆನಪಿಡಬೇಕು. ಪರಿಮಳಕ್ಕೆ ಹೆಸರಿಡಲು ಕಂಡಿರದ ಬ್ಲ್ಯಾಕ್‌ಕರೆಂಟ್‌ಗಾಗಿ ತಡಕಾಡಬೇಕಿಲ್ಲ. ನೇರಳೆ ಹಣ್ಣು, ಮುರುಗಲು, ಹುಣಸೆ, ಲವಂಗ, ತೊಗಲು, ಮೊದಲ ಮಳೆಯ ಮಣ್ಣು ಎಂದು ಬರೆದರೆ ಬರೆದವರಿಗೂ ಓದಿದವರಿಗೂ ಖಚಿತವಾಗಿರುತ್ತದೆ.

ಬಾಯಲ್ಲಿ ಗಮನಿಸಬೇಕಾದ್ದು ಮೂರು. ಹುಳಿ ಇದ್ದರೆ ಜೊಲ್ಲೂರುತ್ತದೆ. ಮದ್ಯಸಾರ ಗಂಟಲಲ್ಲಿ ಬಿಸಿಯಾಗಿ ತಿಳಿಯುತ್ತದೆ. ಟ್ಯಾನಿನ್ ಎಲೆಯಡಿಕೆಯ ಅಡಿಕೆ ಹೋಳಿನಂತೆ ಒಸಡನ್ನು ಬಿಗಿಯುತ್ತದೆ. ಈ ಒಗರು ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುವುದರಿಂದ ಹುಟ್ಟುವಂಥದ್ದು. ಗುಟುಕು ಗುಟುಕಿಗೂ ಬೆಳೆಯುತ್ತ ಹೋಗುತ್ತದೆ. ಆದ್ದರಿಂದ ಎಲ್ಲರೂ ಒಂದನೆಯ ಲೋಟದಿಂದಲೇ ಶುರುಮಾಡಿದರೆ ಮೂರನೆಯ ವೈನ್‌ಗೆ ಅನ್ಯಾಯವಾಗುತ್ತದೆ. ಒಬ್ಬೊಬ್ಬರು ಒಂದೊಂದು ಲೋಟದಿಂದ ಆರಂಭಿಸುವಂತೆ ಚೀಟಿಯಲ್ಲೇ ಕ್ರಮ ಬರೆದುಕೊಡುವುದು ಸರಳ ಪರಿಹಾರ. ಬರೆದು ಮುಗಿಯುವ ತನಕ ಮಾತು ಬೇಡ. ‘ಆಹಾ, ಚೆರ್ರಿ!’ ಎಂದು ಒಬ್ಬರು ಉದ್ಗರಿಸಿದರೆ ಉಳಿದ ಏಳು ಕಾಗದಗಳಲ್ಲೂ ಚೆರ್ರಿ ಕಾಣಿಸಿಕೊಳ್ಳುತ್ತದೆ.

ಅಂಕ ಕೊಡುವ ಪದ್ಧತಿಗಳಲ್ಲಿ ಮನೆಕೂಟಕ್ಕೆ ಒಪ್ಪುವುದು ಸ್ಥಾನ ಕೊಡುವುದು: ಹೆಚ್ಚು ಹಿಡಿಸಿದ್ದಕ್ಕೆ 1, ಕಡೆಯದಕ್ಕೆ 6. ಎರಡು ಸುತ್ತುಗಳ ನಂತರ, ತಮ್ಮ ಬರಹವನ್ನು ನೋಡಿಕೊಂಡು ಪ್ರತಿಯೊಬ್ಬರೂ ಸ್ಥಾನ ಬರೆಯುತ್ತಾರೆ, ಮನೆಯವರು ಕೂಡುತ್ತಾರೆ. ಎಂಟು ಮಂದಿ ಕಣ್ಣುಮುಚ್ಚಿ ಚೀಟಿ ಎತ್ತಿದರೂ ಪ್ರತಿ ವೈನಿನ ಮೊತ್ತ 28ರ ಸುತ್ತಮುತ್ತ ಬೀಳುತ್ತದೆ. ಹಾಗಾಗಿ 25 ಬಂದದ್ದು 30 ಬಂದದ್ದಕ್ಕಿಂತ ಮೇಲೆಂದು ಸಾರುವುದರಲ್ಲಿ ಅರ್ಥವಿಲ್ಲ. 14, 15 ಬಂದರೆ ಅದು ಗುಂಪಿನ ನಿಜವಾದ ಮೆಚ್ಚುಗೆ.

ಜಗತ್ತಿನ ಅತಿ ಪ್ರಸಿದ್ಧ ಬ್ಲೈಂಡ್ ಟೇಸ್ಟಿಂಗ್ ಅನ್ನೂ ಇದೇ ಎಚ್ಚರದಿಂದ ಓದಬೇಕು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್, ಪ್ಯಾಟ್ರಿಷಿಯಾ ಗ್ಯಾಲಘರ್ ಜೊತೆಗೂಡಿ ಆರು ಕ್ಯಾಲಿಫೋರ್ನಿಯಾ ಕ್ಯಾಬರ್ನೆಗಳನ್ನು ನಾಲ್ಕು ಬೋರ್ಡೋಗಳ ಎದುರು ನಿಲ್ಲಿಸಿದರು. ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರು 20ಕ್ಕೆ ಅಂಕ ಕೊಟ್ಟರು. ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ 1973 ಮೊದಲ ಸ್ಥಾನಕ್ಕೆ ಬಂತು, ಶಾತೊ ಮೂತೋ ರೋಶಿಲ್ಡ್ 1970 ಎರಡನೆಯದಕ್ಕೆ. ಆಯೋಜಕರಿಬ್ಬರ ಅಂಕಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ 14.14 ಮತ್ತು 14.09, ಹನ್ನೊಂದು ಮಂದಿಯ ಒಟ್ಟು ಮೊತ್ತದಲ್ಲಿ ಅರ್ಧ ಅಂಕದ ಅಂತರ. ಮೊದಲ ಸ್ಥಾನ ಯಾರದೆಂಬುದು ಅಂದು ಅಷ್ಟೊಂದು ನಾಜೂಕಾಗಿತ್ತು. ಕ್ಯಾಲಿಫೋರ್ನಿಯಾ ಬೋರ್ಡೋಗೆ ಸರಿಸಮವಾಗಿ ನಿಲ್ಲಬಲ್ಲದು ಎಂಬುದು ಮಾತ್ರ ಅಂದು ಎಲ್ಲರಿಗೂ ಕಂಡಿತು, ವೈನ್ ಜಗತ್ತನ್ನು ಬದಲಿಸಿದ್ದೂ ಅದೇ.

ರುಚಿ ನೋಡುವವರ ಸ್ಥಿರತೆಯನ್ನೂ ಅಳೆದವರಿದ್ದಾರೆ. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ತೀರ್ಪುಗಾರರಿಗೆ ಗೊತ್ತಾಗದಂತೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಡಿಸಿದರು. 2008ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಮನೆಯಲ್ಲೂ ಇದನ್ನು ಮಾಡಬಹುದು: ಆರು ಜಗ್‌ಗಳಲ್ಲಿ ಎರಡಕ್ಕೆ ಒಂದೇ ವೈನ್ ಸುರಿಯುವುದು. ಅದಕ್ಕಿಂತ ಕಟ್ಟುನಿಟ್ಟಾದದ್ದು ತ್ರಿಕೋನ ಪರೀಕ್ಷೆ. ಮೂರು ಲೋಟಗಳಲ್ಲಿ ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಹುಡುಕಬೇಕು. ಸುಮ್ಮನೆ ಊಹಿಸಿದರೂ ಎಂಟರಲ್ಲಿ ಇಬ್ಬರು ಮೂವರು ಸರಿ ಹೇಳುತ್ತಾರೆ. ಆರು ಮಂದಿಯಾದರೂ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಾಲಗೆಗೆ ನಿಜವಾಗಿ ಸಿಕ್ಕಿದೆ ಎನ್ನಬಹುದು.

ಬ್ಲೆಂಡ್‌ಗಳ ಮಟ್ಟಿಗೆ ಈ ಪರೀಕ್ಷೆಯ ಅತ್ಯುತ್ತಮ ಬಳಕೆಯೆಂದರೆ ಬ್ಲೆಂಡನ್ನು ತಾವೇ ಮಾಡಿ ನೋಡುವುದು. ಬೋರ್ಡೋದಲ್ಲಿ ಕೊಯ್ಲಿನ ನಂತರದ ಚಳಿಗಾಲದಲ್ಲಿ ತಯಾರಕರು ಪ್ರತಿ ತಳಿಯ, ಪ್ರತಿ ತಾಕಿನ ವೈನನ್ನು ಬೇರೆ ಬೇರೆ ಇಟ್ಟು, ಅಳತೆ ಕೊಳವೆಯಲ್ಲಿ ಬೆರೆಸಿ, ಮಾದರಿಗಳನ್ನು ಅಂಕೆಯಿಂದಷ್ಟೇ ಗುರುತಿಸಿ ರುಚಿ ನೋಡುತ್ತಾರೆ. ಮನೆಯಲ್ಲಿ ಇದಕ್ಕೆ ಒಂದು ಕ್ಯಾಬರ್ನೆ, ಒಂದು ಮರ್ಲೊ ಅಥವಾ ಶಿರಾಜ್ ಬಾಟಲಿ, 100 ಮಿಲಿ ಲೀಟರಿನ ಅಳತೆ ಲೋಟ ಸಾಕು. ಮೊದಲು ಎರಡನ್ನೂ ಬಿಡಿಬಿಡಿಯಾಗಿ ಸವಿಯಬೇಕು. ಆಮೇಲೆ 90:10, 70:30, 50:50 ಪ್ರಮಾಣಗಳಲ್ಲಿ ಬೆರೆಸಿ ತ್ರಿಕೋನ ಪರೀಕ್ಷೆಗೆ ಇಡಬೇಕು. ಶುದ್ಧ ಕ್ಯಾಬರ್ನೆ ಮತ್ತು ಹತ್ತು ಪಾಲು ಮರ್ಲೊ ಸೇರಿದ ಕ್ಯಾಬರ್ನೆ ಗುಂಪಿಗೆ ಬೇರೆಯಾಗಿ ಸಿಗುತ್ತವೆಯೇ? ಮೂವತ್ತು ಪಾಲಿಗೆ ಒಗರು ಎಷ್ಟು ಇಳಿಯಿತು, ಹಣ್ಣಿನ ರುಚಿ ಎಲ್ಲಿ ತುಂಬಿಕೊಂಡಿತು? ಬೆರೆತದ್ದು ಎರಡರ ಸರಾಸರಿಯೋ ಅಥವಾ ಎರಡಕ್ಕಿಂತ ಮೇಲೋ? ಈ ಪ್ರಶ್ನೆಗಳಿಗೆ ಪುಸ್ತಕದಿಂದ ಸಿಗುವ ಉತ್ತರ ಅರ್ಧದ್ದು. ಗೆಳೆಯರು ಜೋಡಿಯಾಗಿ ತಮ್ಮ ತಮ್ಮ ಪ್ರಮಾಣ ಗೊತ್ತುಮಾಡಿ, ಅವನ್ನೂ ಮುಚ್ಚಿದ ಅಂಕೆಗಳಡಿ ಉಳಿದವರ ಮುಂದಿಟ್ಟರೆ ಬ್ಲೆಂಡ್ ಮಾಡುವವರ ಕಷ್ಟ ನಾಲಗೆಗೇ ತಿಳಿಯುತ್ತದೆ. ಈ ಆಟಕ್ಕೆ ಹೆಚ್ಚು ಹೊತ್ತು ಬೇಕು, ಇನ್ನೊಂದು ಸಂಜೆಗೆ ಇಟ್ಟುಕೊಳ್ಳುವುದೇ ಲೇಸು.

ಗುಟ್ಟು ಬಿಚ್ಚುವುದಕ್ಕೂ ಕ್ರಮವಿದೆ. ಮೊದಲು ಮೊತ್ತಗಳನ್ನು ಓದಿ, ಯಾವುದು ಯಾಕೆ ಹಿಡಿಸಿತೆಂದು ಎಲ್ಲರೂ ಹೇಳಬೇಕು. ಸಂಜೆಯ ಪ್ರಶ್ನೆಗೆ ಪ್ರತಿಯೊಬ್ಬರೂ ಉತ್ತರ ಬರೆದುಕೊಡಬೇಕು. ಆಮೇಲೆ ಕಡೆಯ ಸ್ಥಾನದಿಂದ ಮೇಲಕ್ಕೆ ಒಂದೊಂದೇ ಬಾಟಲಿ ಹೊರಬರಲಿ. ತಳಿಗಳ ಪ್ರಮಾಣವನ್ನೂ ಬೆಲೆಯನ್ನೂ ಜೊತೆಗೇ ಓದಲಿ. ಹೆಸರು ತಿಳಿದ ಮೇಲೆ ಮತ್ತೊಂದು ಗುಟುಕು ಸವಿದರೆ ಅದೇ ವೈನ್ ಬೇರೆಯೇ ಆಗಿ ಕಾಣುವುದುಂಟು. ಅಂಕಗಳನ್ನು ಮಾತ್ರ ಆಗ ತಿದ್ದಬಾರದು. ಉಳಿದದ್ದನ್ನು ಊಟದ ಜೊತೆ ಮುಗಿಸಬಹುದು, ಇಲ್ಲವೇ ಬಾಟಲಿಗೆ ಮರಳಿ ಸುರಿದು ಬಿರಡೆ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಕುಡಿಯಲು ಯೋಗ್ಯವಾಗಿರುತ್ತದೆ. ಚೀಟಿಗಳಿಗೆ ದಿನಾಂಕ ಬರೆದು ಒಂದು ಕಡತದಲ್ಲಿಟ್ಟರೆ, ಮುಂದಿನ ಕೂಟಕ್ಕೆ ಪ್ರಶ್ನೆ ಆರಿಸುವಾಗ ಯಾರ ನಾಲಗೆಗೆ ಒಗರು ಬೇಗ ತಟ್ಟುತ್ತದೆ, ಯಾರ ಮೂಗಿಗೆ ಮೆಣಸು ಸಿಗುವುದಿಲ್ಲ ಎಂಬುದೆಲ್ಲ ಅದರಲ್ಲೇ ಸಿಗುತ್ತದೆ.